ಒಗ್ಗರಣೆ ವಾಸನೆ ಬಾರದ ಮನೆ

ಗೋಗಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಅಂಗನವಾಡಿ ಕಟ್ಟೆಯ ಮೇಲೆ ಹತ್ತಿ ಬಿಡಿಸಲು ಹೊರಟ ಹೆಂಗಸರು ಬುತ್ತಿ ಗಂಟು ಪಕ್ಕಕ್ಕಿಟ್ಟು ಕೂತಿದ್ದಾರೆ. ಊರಲ್ಲಿ ರೋಗ ಹಬ್ಬುವ ಮೊದಲೇ ಪತ್ತೆ ಹಚ್ಚುವುದು ಹೇಗೆಂದು ಅವರಿಗೆ ಪಾಠ ಹೇಳುತ್ತಿರುವವರು ಡಾ. ಕಸ್ತೂರಿ.

“ಮನಿಮನಿಗಿ ಹೋಗಿ ‘ರೋಗ ಅದೇನು’ ಅಂತ ಕೇಳಬ್ಯಾಡ್ರವ್ವಾ. ‘ಅಮ್ಮ ಬಂದಾಳೇನು’ ಅಂತ ಕೇಳ್ರಿ.”

ಸಾಂಕ್ರಾಮಿಕ ರೋಗಗಳ ಜಾಡು ಹಿಡಿಯುವುದರಲ್ಲೇ ಸರ್ವೀಸು ಸವೆಸಿದ ಕಸ್ತೂರಿ ನಿವೃತ್ತಿಯಾದ ಮೇಲೆ ಶಹಾಪುರದ ಮನೆಯಲ್ಲಿ ಹಾಯಾಗಿರಬಹುದಿತ್ತು. ಎಲ್ಲಿಯ ಹಾಯಿ! ಇವತ್ತು ಗೋಗಿ, ನಾಳೆ ವನದುರ್ಗ, ನಾಡಿದ್ದು ಕಕ್ಕೇರಾ. ಹಾರ ತುರಾಯಿ ಹಾಕುವವರಿಲ್ಲ. ರೋಗದ ಪಾಠ ಹೇಳುತ್ತಾಳೆಂದು “ಜಡ್ಡಿನ ಟೀಚರ್ ಬಂದ್ಳು” ಎಂದು ನಗುವವರಿಗೇನೂ ಬರವಿಲ್ಲ.

ನಗುವ ಮಾತಲ್ಲ ಇದು. ಹೋದ ವರ್ಷ ಇದೇ ಊರಲ್ಲಿ ದಡಾರ ಹಬ್ಬಿದಾಗ ಸಮೀಕ್ಷೆಯವರು ಬಾಗಿಲು ಬಾಗಿಲಿಗೆ ಬಂದು “ರೋಗ ಇದೆಯೇ?” ಎಂದರು. ದಡಾರ ಇವರಿಗೆ ರೋಗವಲ್ಲ, ಮೈಮೇಲೆ ಬಂದ ದೇವಿ, ‘ಅಮ್ಮ’; ಎಲ್ಲರೂ ಇಲ್ಲವೆಂದರು. ಬಂದವರು ಹಾಗೇ ಹೋದರು. ದೇವಕ್ಕನ ಮೊಮ್ಮಗ ತೀರಿಹೋದ.

“ನಾವೇನ್ ಸುಳ್ಳು ಹೇಳಿಲ್ರಿ,” ಎನ್ನುತ್ತಾಳೆ ದೇವಕ್ಕ, ಈಗ ಕಟ್ಟೆಯ ಮುಂದಿನ ಸಾಲಿನಲ್ಲಿ ಕೂತವಳು. “ಅಮ್ಮ ರೋಗ ಹ್ಯಾಂಗ ಆಗ್ತಾಳ? ಹಂಗಂದ್ರ ಬಾಯಾಗ ಹುಳ ಬೀಳಂಗಿಲ್ಲೇನು?”

ಪಾಠಕ್ಕೆ ಎಂದೂ ತಪ್ಪದ ಪಾರ್ವತೆಮ್ಮ ಇವತ್ತು ಬಂದಿಲ್ಲ. ಯಾಕೆಂದು ಕಸ್ತೂರಿ ಕೇಳುತ್ತಾರೆ. ಅವಳ ಪಕ್ಕದ ಮನೆಯ ದೇವಕ್ಕ ತಗ್ಗಿದ ದನಿಯಲ್ಲಿ ಹೇಳುತ್ತಾಳೆ: “ಮೊನ್ನಿನಿಂದ ಆಕಿ ಮನ್ಯಾಗ ಒಗ್ಗರಣಿ ವಾಸನಿ ಇಲ್ರಿ.”

ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಕಸ್ತೂರಿ ಪಾಠ ಅಲ್ಲಿಗೇ ಬಿಟ್ಟು ಏಳುತ್ತಾರೆ; ದೇವಕ್ಕನೂ ಹಿಂದೆಯೇ ಹೊರಡುತ್ತಾಳೆ.

ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದೆ. ಪಾರ್ವತೆಮ್ಮ ಅಡ್ಡ ನಿಂತಿದ್ದಾಳೆ: “ಹೊರಗಿನವ್ರು ಒಳಗ ಬರಬ್ಯಾಡ್ರಿ, ಅಮ್ಮ ಸಿಟ್ಟಾಗ್ತಾಳ.” ಅವಳ ಹಿಂದೆ, ಚಾಪೆಯ ಮೇಲೆ, ಮೊಮ್ಮಗಳು ನಂದಿನಿ. ಮೈತುಂಬ ಕೆಂಪು ದದ್ದು. ಒಂದೊಂದು ಉಸಿರಿಗೂ ಪಕ್ಕೆ ಒಳಗೆ ಎಳೆಯುತ್ತಿದೆ. ಕಂಡದ್ದೇ ತಡ, ಕಸ್ತೂರಿ ಹೊಸ್ತಿಲು ದಾಟಿಬಿಡುತ್ತಾರೆ.

ಪಾರ್ವತೆಮ್ಮ ಚೀರುತ್ತಾಳೆ. ದೇವಕ್ಕ ಅವಳ ಕೈ ಹಿಡಿಯುತ್ತಾಳೆ. “ನಮ್ಮ ಕೂಸೂ ಹಿಂಗೇ ಉಸಿರು ಎಳೀತಿತ್ತು, ಪಾರೀ. ನಾ ನೋಡ್ಕೋತ ಕುಂತೆ. ಏಳು, ಅಮ್ಮನ್ನೂ ಕರ್ಕೊಂಡೇ ದವಾಖಾನಿಗಿ ಹೋಗೂಣು.” ಮಸ್ತಾನಸಾಬನ ಆಟೋಕ್ಕೆ ಆ ಬೇವಿನ ಸೊಪ್ಪನ್ನೇ ಸಿಕ್ಕಿಸಿದ ಮೇಲೆಯೇ ಪಾರ್ವತೆಮ್ಮ ಮಗುವನ್ನೆತ್ತಿಕೊಂಡು ಹತ್ತುತ್ತಾಳೆ.

ಶಹಾಪುರದ ಆಸ್ಪತ್ರೆಯಲ್ಲಿ ಮಗುವಿನ ಮೂಗಿಗೆ ಆಮ್ಲಜನಕದ ನಳಿಗೆ. ನ್ಯುಮೋನಿಯಾ ಜೋರಾಗಿದೆ, ನಾಳೆಯವರೆಗೆ ಏನೂ ಹೇಳಲಾಗದು ಎಂದು ಹೇಳಿ ವೈದ್ಯರು ಹೋಗಿದ್ದಾರೆ. ಇಷ್ಟು ತಡವಾಗಿ ಬಂದ ಮಕ್ಕಳನ್ನು ಕಸ್ತೂರಿ ಬಹಳ ಕಂಡಿದ್ದಾರೆ. ಅವರಿಗೆ ಭಯವಾಗುತ್ತಿದೆ.

ಬೆಂಚಿನ ಆ ತುದಿಯಲ್ಲಿ ಪಾರ್ವತೆಮ್ಮ ಮುಖ ತಿರುಗಿಸಿ ಕೂತಿದ್ದಾಳೆ. “ನೀವು ಒಳಗ ಬಂದ್ರಿ, ಅದಕ್ಕೇ ಅಮ್ಮ ಮುನಿದಾಳ. ನನ್ನ ಕೂಸಿಗಿ ಏನರ ಆದ್ರ ನಿಮ್ಮನ್ನ ಸುಮ್ನ ಬಿಡಂಗಿಲ್ಲ.”

ದೇವಕ್ಕ ಅವಳನ್ನು ಗದರಲು ಹೋದರೆ ಕಸ್ತೂರಿ ತಡೆಯುತ್ತಾರೆ.

“ಬೈಲಿ ಬಿಡವ್ವಾ. ಕೂಸೊಂದು ಉಳೀಲಿ. ಆಮ್ಯಾಲ ಅದನ್ನ ಬಗಲಾಗ ಎತ್ಕೊಂಡು ಬಂದು, ದಿನಾ ಬೈಲಿ.”