ನಿಶ್ಚಯವಾಗಿದೆ ಎಂದ ಸುಳ್ಳು

"ಇನ್ನು ಈ ಓಡುದೆಲ್ಲ ಎಂತಕ್ಕೆ? ನಾವು ನಿಜವಾಗಿ ಮದುವೆ ಆಗ್ಲಿಕ್ಕೆ ಉಂಟಲ್ಲ, ಜನ ನಗ್ತಾರೆ" ಎನ್ನುತ್ತ ವಸಂತ ಪುತ್ತೂರು ಬಸ್ ನಿಲ್ದಾಣದಲ್ಲಿ ನನ್ನ ಕ್ಯಾನ್ವಾಸ್ ಶೂಗಳ ಚೀಲ ಕಿತ್ತುಕೊಂಡ. ನಮ್ಮ ಕಾಲೇಜು ತಂಡ ಮಂಗಳೂರಿನ ಕ್ರೀಡಾಕೂಟಕ್ಕೆ ಹೊರಟಿತ್ತು.

ಅರುವತ್ತರ ದಶಕದ ಮಾತು. ಸುಳ್ಯದ ವಸಂತ ವಾಲಿಬಾಲ್ ಕ್ಯಾಪ್ಟನ್. ಮನೆಯವರಿಲ್ಲದೆ ಹುಡುಗಿಯನ್ನು ಪರವೂರಿಗೆ ಕರೆದೊಯ್ಯುವುದಿಲ್ಲವೆಂದು ಆಟದ ಮೇಷ್ಟ್ರು ಹಟ ಹಿಡಿದಾಗ, ನಮಗೆ ಮದುವೆ ನಿಶ್ಚಯವಾಗಿದೆ, ಮದುಮಗನೇ ಜೊತೆಗಿರುತ್ತಾನೆ ಎಂದು ಇಬ್ಬರೂ ಸೇರಿ ಸುಳ್ಳು ಹೇಳಿದ್ದೆವು. ಆ ಸುಳ್ಳಿನ ಬಲದಲ್ಲಿ ನಾನು ಎರಡು ವರ್ಷ ಓಡಿದೆ. ಅಷ್ಟರಲ್ಲಿ ಪ್ರೀತಿ ನಿಜವೇ ಆಗಿತ್ತು.

ನನಗೆ ಮೈಯೆಲ್ಲ ಉರಿಯಿತು. "ಸುಳ್ಳಿನ ಮದುಮಗ ಆಗಿದ್ದಾಗ ನೀವು ಎಷ್ಟು ಒಳ್ಳೆಯವರಿದ್ರಿ ಮಾರಾಯ್ರೆ!" ಎಂದು ಚೀಲ ಎಳೆದುಕೊಂಡು ಬಸ್ ಹತ್ತಿದೆ. "ಸರ್, ನನಗೆ ಯಾರೊಟ್ಟಿಗೂ ನಿಶ್ಚಯ ಆಗ್ಲಿಲ್ಲ. ನಾನು ಓಡ್ಲಿಕ್ಕೆ ಬಂದದ್ದು" ಎಂದು ಮೇಷ್ಟ್ರಿಗೆ ಹೇಳಿಬಿಟ್ಟೆ. ಸುಳ್ಳು ಹೇಳಿದ ತಪ್ಪಿಗೆ ಅವರು ನನ್ನನ್ನು ಕೆಳಗಿಳಿಸಿದರು. ಅದೇ ಸುಳ್ಳು ಹೇಳಿದ್ದ ವಸಂತ ಕಿಟಕಿ ಪಕ್ಕ ಕೂತು ಮಂಗಳೂರಿಗೆ ಹೋದ.

ನನ್ನ ಮದುವೆ ಬೇರೆಯವರೊಂದಿಗೆ ಆಯಿತು, ಸಂಸಾರ ಚೆನ್ನಾಗಿದೆ. ಆದರೂ ಕಪಾಟು ಒರೆಸುವಾಗ ಆ ಶೂ ಕೈಗೆ ಸಿಕ್ಕರೆ ಸಿಟ್ಟು ಮತ್ತೆ ಏರುತ್ತದೆ. ಓಡಲು ನನ್ನ ಎರಡು ಕಾಲು ಯಾಕೆ ಸಾಲಲಿಲ್ಲ?