ಮನ್ರೋದ ಸಂದರ್ಶನ

ಪಾಕಿಸ್ತಾನಿ ವಲಸಿಗರ ಕುರಿತ ನನ್ನ ಸಂಶೋಧನೆಗಾಗಿ ಅಮೆರಿಕದ ಮನ್ರೋ ಪಟ್ಟಣದಲ್ಲಿ ನಿವೃತ್ತ ಟ್ಯಾಕ್ಸಿ ಚಾಲಕರೊಬ್ಬರ ಮನೆಗೆ ಹೋಗಿದ್ದೆ. ಅವರು ಲಾಹೋರಿನವರು. ರೆಕಾರ್ಡರ್ ಆನ್ ಮಾಡುತ್ತಿದ್ದಂತೆ ಅವರ ಮಗಳು ಬಂದು ಅದನ್ನು ಆಫ್ ಮಾಡಿದಳು.

“ನಮ್ಮ ಮಸೀದಿಗೂ ಒಬ್ಬ ಹೀಗೇ ಕಥೆ ಕೇಳೋಕೆ ಬಂದಿದ್ದ. ಆಮೇಲೆ ನೋಡಿದ್ರೆ ಪೊಲೀಸರ ಕಡೆಯವನು. ನೀವು ಇಂಡಿಯಾದವರು ಬೇರೆ. ಹೇಗೆ ನಂಬೋದು?”

ಯೂನಿವರ್ಸಿಟಿ ಕಾರ್ಡ್ ತೋರಿಸಿದೆ. ಅವಳು ಅದರತ್ತ ನೋಡಲೂ ಇಲ್ಲ.

“ನಂಬಿ ಅಂತ ಹೇಳಲ್ಲ. ನಿಮಗೇನು ಬೇಕೋ ಕೇಳಿ,” ಎಂದೆ.

ಯಾವ ವೀಸಾ, ಯಾರು ಕಳಿಸಿದ್ದು, ಇಲ್ಲಿ ಆಡಿದ ಮಾತು ಯಾರ ಕೈ ಸೇರುತ್ತದೆ ಎಂದು ಒಂದು ಗಂಟೆ ಕೇಳಿದಳು. ಕೆಲವಕ್ಕೆ ನನ್ನಲ್ಲೂ ಉತ್ತರವಿರಲಿಲ್ಲ. ಹಾಗೆಂದೇ ಹೇಳಿದೆ.

ಕೊನೆಗೆ ತಂದೆಯ ಪಕ್ಕ ಕುಳಿತು, “ಅಬ್ಬೂ, ಈಗ ಮಾತಾಡಿ,” ಎಂದಳು. ನಾನು ನೋಟ್‌ಬುಕ್ ತೆರೆದು, ಹೆಸರು ಬರೆಯದೆ, ಅವರು ಹೇಳಿದ್ದನ್ನಷ್ಟೇ ಬರೆದುಕೊಂಡೆ.