ಗೌಂಡಿ ತೆಗೆದ ಕೈಯಳತೆ

ಎಂಬತ್ತರ ದಶಕದಲ್ಲಿ ಸಿಂಧನೂರಿನ ನಮ್ಮ ಓಣಿಯ ವಾಚನಾಲಯಕ್ಕೆ ಐದು ಎತ್ತರದ ಮೆಟ್ಟಿಲುಗಳಿದ್ದವು. ಜ್ಞಾನ ಸಲೀಸಾಗಿ ಸಿಗಬಾರದೆಂಬ ಘನ ಉದ್ದೇಶ ಇದ್ದಿರಬೇಕು. ಅಲ್ಲಿ ಬಿದ್ದ ಮೇಲೆ ನಮ್ಮ ತಂದೆ ಮೂರು ತಿಂಗಳು ಹೊಸ್ತಿಲು ದಾಟಲಿಲ್ಲ. ಊಟ ಕಡಿಮೆಯಾಯಿತು, ಆಮೇಲೆ ಮಾತೂ.

ಕೊನೆಗೆ ಓಣಿಯವರು ಮೆಟ್ಟಿಲ ಪಕ್ಕದ ಗೋಡೆಗೆ ಹಿಡಿಕೆಯ ಪೈಪು ಹಾಕಲು ಗಾರೆ ಕೆಲಸದ ಒಬ್ಬ ಗೌಂಡಿಯನ್ನು ಕರೆಸಿದರು. ಆತ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕೈಗಳನ್ನಷ್ಟೇ ನೋಡುತ್ತಿದ್ದ. ಯಾಕೆಂದು ಕೇಳಿದರೆ ಒಂದೇ ಉತ್ತರ: "ಕೈ ಸುಳ್ಳ ಹೇಳಂಗಿಲ್ರಿ."

"ವಯಸ್ಸಾದೋರನ್ನ ಹತ್ತಿಸಿ ಅಳತಿ ತಗೀಬೇಕ್ರಿ. ನಿಮ್ಮ ಅಪ್ಪಾರನ್ನ ಕರ್ಕೊಂಡ ಬರ್ರಿ."

"ಅವರು ಬರಂಗಿಲ್ಲಪ್ಪಾ."

"ಹಂಗಾದ್ರ ನೀವ ಹತ್ರಿ. ಎಲುಬು ಒಂದ ಅಲ್ರೀ?"

ನನ್ನ ಬೆನ್ನಿಗೆ ಅರ್ಧ ಚೀಲ ಉಸುಕು ಹೇರಿದ. ಅರ್ಜಿ ಹಾಕದೆಯೇ ಮೂವತ್ತರ ನನಗೆ ಎಂಬತ್ತರ ವಯಸ್ಸು ಮಂಜೂರಾಯಿತು. ಮೂರನೆಯ ಮೆಟ್ಟಿಲಲ್ಲಿ ಎಡಮೊಣಕಾಲು ಕುಸಿದು, ಕೈ ಗೋಡೆಗೆ ಬಡಿಯಿತು. ಅಲ್ಲಿ ಮೊದಲೇ ಒಂದು ಅಂಗೈಯ ಜಿಡ್ಡುಗಲೆ ಇತ್ತು. ನನ್ನ ಐದೂ ಬೆರಳು ಅದರೊಳಗೆ ಸರಿಯಾಗಿ ಕೂತವು.

ಗೌಂಡಿ ನನ್ನ ಕೈಯ ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದ. "ನಿಮ್ಮ ಅಪ್ಪಾರು ಎಡಗಾಲು ಎಳೀತಾರಲ್ರೀ?"

ಆತ ನಮ್ಮ ತಂದೆಯನ್ನು ಕಂಡವನಲ್ಲ. ಕಾಲಿನ ಸಂಗತಿ ನಾನು ಹೇಳಿಯೂ ಇರಲಿಲ್ಲ.

ಪೈಪು ಕೂಡಿಸಿದ ದಿನ ತಂದೆಯನ್ನು ಪುಸಲಾಯಿಸಿ ಕರೆತಂದೆ. ಪೈಪು ಹಿಡಿದು ಒಂದೊಂದಾಗಿ ಹತ್ತಿದರು; ನಾನು ಬೆನ್ನ ಹಿಂದೆಯೇ ಇದ್ದೆ. ನಾಲ್ಕನೆಯ ಮೆಟ್ಟಿಲಲ್ಲಿ ನಿಂತು, "ಕೈಗೆ ಸರಿಯಾಗಿ ಕುಂತೈತಿ. ಯಾರ ಅಳತಿಗೆ ಹಾಕೀಯಪ್ಪಾ?" ಎಂದರು.

ಗೌಂಡಿ ನನ್ನ ಕೈ ತೋರಿಸಿದ. "ಇವರದ್ರೀ."

ತಂದೆ ನನ್ನ ಕೈಯನ್ನು ನೋಡಿದರು. ಆಮೇಲೆ ತಮ್ಮ ಕೈಯನ್ನು ಪೈಪಿನ ಮೇಲೆ ಒಂದಿಷ್ಟು ಮುಂದೆ ಸರಿಸಿ, ನನಗೆ ಜಾಗ ಬಿಟ್ಟರು.